ಇಪ್ಪತ್ತಾರರಲ್ಲಿ ಒಂಬತ್ತು

ನಸುಕಿನ ಮೂರೂವರೆಗೆ ತೆತುವಾನಿನ ಮೇಲುಕೇರಿಯಿಂದ
ಹೊರಡುತ್ತದೆ ನಮ್ಮ ವ್ಯಾನು.
ಆ ಹೊತ್ತಿನಲ್ಲಿ ನಮ್ಮನ್ನು ಕಂಡು
ಯಾರೂ ಮೂಗು ಮುಚ್ಚುವುದಿಲ್ಲ.
ಮುಚ್ಚುವುದೇನಿದ್ದರೂ ಸಂಜೆಗೆ.

ಸಿಗಡಿ ಬರುವುದು ಬಲು ದೂರದಿಂದ.
ಬಡಗಣ ದಿಕ್ಕಿನ ಯಾವುದೋ ಬೂದು ಕಡಲಿನದು,
ಮಂಜುಗಡ್ಡೆಯ ಲಾರಿಯಲ್ಲಿ ಮಲಗಿ
ಮೂರು ದೇಶ ದಾಟಿ, ಜಲಸಂಧಿ ದಾಟಿ
ನಮ್ಮ ಬೆರಳುಗಳನ್ನು ಹುಡುಕಿಕೊಂಡು ಬರುತ್ತದೆ.
ಸುಲಿಸಿಕೊಂಡು ಅದೇ ದಾರಿಯಲ್ಲಿ ಮರಳುತ್ತದೆ,
ಯಾರ ತಡೆಯೂ ಇಲ್ಲದೆ.
ಅದೇ ದಾರಿ ಹಿಡಿದ ಮನ್ನಾನಾಳ ತಮ್ಮನನ್ನು
ಲಾರಿಯ ಅಡಿಯಿಂದ ಎಳೆದು ವಾಪಸು ಕಳಿಸಿದರು,
ಎರಡು ಸಲ.
ಅವಳು ತಲೆ ಮುರಿಯುವಾಗ, ಸಿಗಡಿಯದೇ,
ನಾನು ಅವಳ ಮುಖ ನೋಡುವುದಿಲ್ಲ.

ಲೆಕ್ಕ ಹೀಗೆ:
ತಲೆಗೆ ಕಾಸಿಲ್ಲ, ಸಿಪ್ಪೆಗೆ ಕಾಸಿಲ್ಲ,
ನೀರು ಬಸಿದು ಉಳಿದ ತಿರುಳಿಗಷ್ಟೆ.
ಬಸಿಯುವವನು ಮೇಸ್ತ್ರಿ.
ಜರಡಿಯನ್ನು ಕುಕ್ಕುತ್ತಾನೆ, ಮತ್ತೆ ಕುಕ್ಕುತ್ತಾನೆ.
ಆ ನೀರಿನಲ್ಲಿ ನಮ್ಮ ಅರ್ಧ ಗಂಟೆ ಇತ್ತು,
ಮೋರಿಗೆ ಹೋಯಿತು.
ತಕ್ಕಡಿಯ ಮುಖ ಅವನ ಕಡೆಗಿದೆ.
ನಮಗೆ ಕಾಣುವುದು ಅದರ ಬೆನ್ನು.

ರಹೀಮೋ ನನ್ನ ಎದುರಿಗೆ ಕೂರುವವಳು,
ಹದಿನಾಲ್ಕು ವರ್ಷದಿಂದ.
ಮಾತು ಕಡಿಮೆ, ಬೈಗುಳ ಧಾರಾಳ.
ಹೋದ ಚಳಿಗಾಲ ಎದೆಯಲ್ಲೊಂದು ಗಂಟು ಸಿಕ್ಕಿ
ವಿಮೆಯ ಕಿಟಕಿಗೆ ಹೋದಳು.
ಒಳಗಿನ ಹುಡುಗಿ ಪರದೆ ನೋಡಿ,
ತಪ್ಪು ತನ್ನದೇ ಎಂಬಂತೆ, ಮೆಲ್ಲಗೆ ಅಂದಳು:
"ನೀವು ತಿಂಗಳಿಗೆ ಒಂಬತ್ತೇ ದಿನ ದುಡಿಯುವವರು, ಖಾಲಾ.
ಇಷ್ಟಕ್ಕೆ ಕಾರ್ಡು ನಡೆಯುವುದಿಲ್ಲ."

ಒಂಬತ್ತು.
ಹಾಗಾದರೆ ಉಳಿದ ಹದಿನೇಳು ದಿನ
ಆ ಥಂಡಿ ಕೋಣೆಯಲ್ಲಿ ಕೂತಿದ್ದವಳು ಯಾರು?
ಈ ಉಗುರುಸುತ್ತು ಯಾರದು?

ಅಂದಿನಿಂದ ಶುರು.
ದಿನಕ್ಕೊಂದು ಸಿಗಡಿಯ ಮೀಸೆ ಕಿತ್ತು
ತಲೆಬಟ್ಟೆಯ ಮಡಿಕೆಯಲ್ಲಿಟ್ಟು ಮನೆಗೆ ಒಯ್ದಳು.
ಒಣಗಿಸಿ, ತಿಂಗಳಿಗೊಂದು ಬೆಂಕಿಪೊಟ್ಟಣ.
ಮೇಲೆ ತಿಂಗಳ ಹೆಸರು ಬರೆದವಳು ಮಗಳು ಶಮ್ಸ್,
ಶಾಲೆಯ ನೇರಳೆ ಪೆನ್ನಿನಲ್ಲಿ.
ನಾನು ನಕ್ಕೆ. ಹುಚ್ಚು ಅಂದೆ.
ಅಕ್ಕಪಕ್ಕದವರೂ ನಕ್ಕರು.
ಆಮೇಲೆ ಒಬ್ಬೊಬ್ಬರೇ ತಮ್ಮ ಚೀಟಿಯನ್ನು
ಬೆಳಕಿಗೆ ಹಿಡಿದು ಓದಿಸಿಕೊಂಡರು.
ನನ್ನದರಲ್ಲಿ ಎಂಟು.

ಕಾರ್ಮಿಕ ಇಲಾಖೆಯವನು ಬಂದದ್ದು ಬೇಸಿಗೆಯ ಹೊತ್ತಿಗೆ.
ಮೊದಲು ಮಾಲೀಕರ ಕೋಣೆಯಲ್ಲಿ ಪುದೀನ ಚಹಾ,
ಆಮೇಲೆ ನಾವು.
"ಪುರಾವೆ ಏನಿದೆ?" ಅಂದ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ಅವನಿಗೆ ಕನ್ನಡಿ ಬೇಕಿತ್ತು,
ಅದೂ ಮೊಹರು ಒತ್ತಿದ್ದು.

ರಹೀಮೋ ಐದು ಪೊಟ್ಟಣಗಳನ್ನು
ಅವನ ಕಡತದ ಮೇಲೆ ಸುರಿದಳು.
ಕೆಂಪು ಕೂದಲೆಳೆಯಂಥ ದಿನಗಳು,
ಒಂದರೊಳಗೊಂದು ಸಿಕ್ಕು.
ವಾಸನೆ ಎದ್ದಿತು.
ಕರವಸ್ತ್ರಕ್ಕೆ ಕೈ ಹಾಕಿದವನು, ಏಕೋ, ತೆಗೆಯಲಿಲ್ಲ.
ಪೆನ್ನಿನ ತುದಿಯಿಂದ ಒಂದೊಂದಾಗಿ ಸರಿಸತೊಡಗಿದ.
ಒಂದು, ಎರಡು…
ಇಪ್ಪತ್ತೆರಡಕ್ಕೆ ಬಂದಾಗ ಅವನ ಫೋನು ಬಡಿದುಕೊಂಡಿತು.
ಎದ್ದು ಹೊರಗೆ ಹೋದ.
ಫ್ಯಾನಿನ ಗಾಳಿಗೆ ಜನವರಿ ಫೆಬ್ರವರಿ
ನೆಲದ ತುಂಬ ಹರಡಿದವು.
ಮಂಡಿಯೂರಿ ಆಯ್ದೆವು. ನಲವತ್ತು ಹೆಂಗಸರು.

ಮುಂದಿನ ಚೀಟಿಯಲ್ಲಿ ನಮಗೆಲ್ಲ ಹದಿಮೂರು.
ರಹೀಮೋಗೆ ಚೀಟಿಯೇ ಇಲ್ಲ.
ಎದುರಿನ ಸ್ಟೂಲಿನ ಮೇಲೆ ಹೊಸ ಹುಡುಗಿ,
ಇನ್ನೂ ಕೈಬೆರಳಿಗೆ ಉಗುರಿರುವವಳು.

ಇವತ್ತು ಕೇರಿಯ ಅಂಗಡಿಯಾತ ಕೇಳಿದ:
"ಇದೇನು, ಎಲ್ಲರೂ ಬೆಂಕಿಪೊಟ್ಟಣ ಒಯ್ಯುತ್ತೀರಿ,
ಊರಿಗೇ ಬೆಂಕಿ ಇಡುವ ಅಂದಾಜೋ?"

ಇಲ್ಲಪ್ಪ, ಅಂದೆ.
ನಮಗೆ ಪೊಟ್ಟಣ ಸಾಕು.
ಕಡ್ಡಿ ನೀನೇ ಇಟ್ಟುಕೋ,
ಸದ್ಯಕ್ಕೆ.